ಬೆಲೆಯಿಲ್ಲದ ನಾಣ್ಯಗಳ ಚರಿತ್ರೆ

2019ರ ಮಾರ್ಚ್ 28ರಂದು ಕೇಂದ್ರ ವಾಣಿಜ್ಯ ಇಲಾಖೆಯ ಕಾರ್ಯದರ್ಶಿ ಅನೂಪ್ ವಾಧ್ವಾನ್ ದೆಹಲಿಯಿಂದಲೇ, ವಿಡಿಯೊ ಕಾನ್ಫರೆನ್ಸ್ ಮೂಲಕ, ಕಾಫಿ ಮಂಡಳಿಯ ಹೊಸ ಇ-ಮಾರುಕಟ್ಟೆಗೆ ಚಾಲನೆ ಕೊಟ್ಟರು. ಅದು ಬ್ಲಾಕ್‌ಚೈನ್ ಆಧಾರಿತ ಪ್ರಾಯೋಗಿಕ ಯೋಜನೆ. ಬೆಳೆಗಾರರು, ರಫ್ತುದಾರರು, ಆಮದುದಾರರು, ಕಾಫಿ ಹುರಿಯುವವರು, ಚಿಲ್ಲರೆ ಮಾರಾಟಗಾರರು ಎಲ್ಲ ಸೇರಿ ಆಗ ನೋಂದಣಿಯಾಗಿದ್ದವರು ಸುಮಾರು 20 ಮಂದಿ. ತೋಟ ಎಲ್ಲಿದೆ, ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ, ಯಾವ ಬೆಳೆ, ಯಾವ ಪ್ರಮಾಣಪತ್ರ ಎಂಬ ವಿವರವೆಲ್ಲ ಒಂದೊಂದು ಬ್ಲಾಕ್ ಆಗಿ ದಾಖಲಾಗಬೇಕು, ಬೀಜದಿಂದ ಲೋಟದವರೆಗೆ ಕಾಫಿಯ ಜಾಡು ಸಿಗಬೇಕು, ನಡುವಿನ ಕೈಗಳು ಕಡಿಮೆಯಾಗಿ ಬೆಳೆಗಾರನಿಗೆ ನ್ಯಾಯವಾದ ಬೆಲೆ ದಕ್ಕಬೇಕು ಎಂಬುದು ಉದ್ದೇಶ. ದೇಶದಲ್ಲಿ ಕಾಫಿ ಬೆಳೆಗಾರರು 3.66 ಲಕ್ಷ, ಅವರಲ್ಲಿ ನೂರಕ್ಕೆ 98 ಮಂದಿ ಸಣ್ಣ ಹಿಡುವಳಿದಾರರು ಎಂದು ಸರ್ಕಾರ ಅಂದು ಹೇಳಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ-ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ ಈ ಲೆಕ್ಕದೊಳಗೇ ಬರುತ್ತಾರೆ.

ಬ್ಲಾಕ್‌ಚೈನ್ ಎಂಬ ಮಾತು ಮಲೆನಾಡಿನ ತೋಟದ ಮನೆಗಳಿಗೆ ಹೀಗೆ ಕಾಫಿಯ ಹೆಸರಲ್ಲಿ ಬಂತು. ಅಲ್ಲಿ ಮಾರಾಟಕ್ಕಿದ್ದದ್ದು ಕಾಫಿ, ನಾಣ್ಯವಲ್ಲ. ಆದರೆ ಆ ತಂತ್ರ ಹುಟ್ಟಿದ್ದು ಒಂದು ನಾಣ್ಯಕ್ಕಾಗಿ. ಅದು ಹತ್ತು ವರ್ಷ ಬದುಕಿ ಉಳಿದು ಕಾಫಿ ಮಂಡಳಿಯ ಬಾಗಿಲಿನವರೆಗೆ ಬರಲು ಕಾರಣವಾದ ಜನರ ಬಗ್ಗೆ ಕನ್ನಡದಲ್ಲಿ ನಾವು ಹೆಚ್ಚು ಬರೆದಿಲ್ಲ. ಬಿಟ್‌ಕಾಯಿನ್ ಬೆಲೆ ಏರಿದ್ದು ಇಳಿದದ್ದು ಬರೆದಿದ್ದೇವೆ, ಪೊಲೀಸ್ ಕೇಸುಗಳನ್ನು ಬರೆದಿದ್ದೇವೆ. ಆ ತಂತ್ರಾಂಶವನ್ನು ಹಗಲೂ ರಾತ್ರಿ ಪರೀಕ್ಷೆಗೆ ಒಡ್ಡಿ, ಬಿರುಕು ಹುಡುಕಿ ತೇಪೆ ಹಾಕಿದವರ ಕತೆ ಹಿಂದೆಯೇ ಉಳಿದಿದೆ. ನಾನು ಹೇಳಹೊರಟಿರುವುದು ಆ ಕತೆ.

ಪರೀಕ್ಷೆ ಎಂದರೇನೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಲೆ ರೋಗಕ್ಕೆ ಕಾಫಿ ಫಸಲು ಹೋಗುತ್ತಿದ್ದ ಕಾಲದಲ್ಲಿ, 1915ರಲ್ಲಿ, ಕಾಫಿ ಸಂಶೋಧನೆಗೆಂದು ಒಂದು ತಾತ್ಕಾಲಿಕ ಘಟಕ ಶುರುವಾದದ್ದು ಕೊಪ್ಪದಲ್ಲಿ. ಹತ್ತು ವರ್ಷದ ನಂತರ, 1925ರಲ್ಲಿ, ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಯಂ ಸಂಶೋಧನಾ ಕೇಂದ್ರ ತೆರೆಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ತುಕ್ಕು ರೋಗ ತಡೆಯುವ ತಳಿಗಳನ್ನು ಅಲ್ಲಿ ವರ್ಷಗಟ್ಟಲೆ ಬೆಳೆಸಿ ನೋಡಿ, 1940ರ ದಶಕದಲ್ಲಿ ಸೆಲೆಕ್ಷನ್ 795 ಬೆಳೆಗಾರರ ಕೈ ಸೇರಿತು. ಅಡಿಕೆಯ ಕೊಳೆರೋಗದ್ದೂ ಇಂಥದೇ ಕತೆ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೊಳೆರೋಗದ ಜಾಡು ಹಿಡಿದು, ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ಮಲೆನಾಡಿಗೆ ಬೋರ್ಡೋ ದ್ರಾವಣವನ್ನು ರೂಢಿ ಮಾಡಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದರಲ್ಲಿ ಗುಟ್ಟೇನೂ ಇಲ್ಲ, ಯಾರು ಬೇಕಾದರೂ ಮಾಡಿಕೊಳ್ಳಬಹುದು. ಆದರೆ ಬಲ್ಲ ಕೃಷಿಕ ಔಷಧಿ ಹೊಡೆಸುವ ಮೊದಲು ಒಂದು ಹೊಳಪಿನ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾನೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು; ಹಾಗೇ ಹೊಡೆದರೆ ಹಿಂಗಾರ ಸುಡುತ್ತದೆ. ಮುಕ್ತ ತಂತ್ರಾಂಶದ ವಿಷಯದಲ್ಲಿ ಜನ ಮೆಚ್ಚಿ ಮಾತಾಡುವುದು ಮೊದಲಿನ ಅರ್ಧದ ಬಗ್ಗೆ, ಪಾಕ ಎಲ್ಲರಿಗೂ ತೆರೆದಿದೆ ಎಂಬುದರ ಬಗ್ಗೆ. ಚಾಕು ಅದ್ದುವವರು ಯಾರು ಎಂಬ ಪ್ರಶ್ನೆ ಇನ್ನೂ ದೊಡ್ಡದು. ಮುಂದೆ ಹೇಳುವ ಪ್ರತಿಯೊಂದು ಘಟನೆಯಲ್ಲೂ ಆ ಪ್ರಶ್ನೆಯೇ ಇದೆ.

2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್ ಬಗ್ಗೆ ಒಂಬತ್ತು ಪುಟದ ಒಂದು ಪ್ರಬಂಧ ಹೊರಬಂತು. ಆ ಹೆಸರಿನ ಹಿಂದೆ ಇದ್ದವರು ಯಾರೆಂದು ಇವತ್ತಿಗೂ ಖಚಿತವಾಗಿಲ್ಲ. 2009ರ ಜನವರಿ 3ರಂದು, ವ್ಯವಹಾರಗಳನ್ನು ದಾಖಲಿಸುವ ಬ್ಲಾಕ್‌ಗಳ ಸರಪಳಿಯ ಮೊದಲ ಬ್ಲಾಕ್ ಹುಟ್ಟಿತು, ಅದೇ ವಾರದಲ್ಲಿ ವಿಂಡೋಸ್‌ನಲ್ಲಿ ಓಡುವ ಬಿಟ್‌ಕಾಯಿನ್ 0.1 ತಂತ್ರಾಂಶ ಅದರ ಮೂಲ ಕೋಡ್ ಸಮೇತ ಬಿಡುಗಡೆಯಾಯಿತು. ಅದನ್ನು ಇಳಿಸಿಕೊಂಡು ಓಡಿಸಿದ ಮೊದಲಿಗರಲ್ಲಿ ಹಾಲ್ ಫಿನ್ನಿ ಒಬ್ಬರು. ಜನರ ಇಮೇಲ್ ಗುಟ್ಟನ್ನು ಕಾಪಾಡುವ ಪಿಜಿಪಿ ತಂತ್ರಾಂಶಕ್ಕೆ ದುಡಿದಿದ್ದ ಅಮೆರಿಕದ ಪ್ರೋಗ್ರಾಮರ್ ಅವರು. ಜನವರಿ 12ರಂದು ಸತೋಶಿ ಕಳಿಸಿದ 10 ಬಿಟ್‌ಕಾಯಿನ್ ಅವರಿಗೆ ತಲುಪಿತು. ಇಬ್ಬರು ಮನುಷ್ಯರ ನಡುವೆ ನಡೆದ ಮೊದಲ ಪಾವತಿ ಎಂದು ಚರಿತ್ರೆ ಅದನ್ನು ನೆನೆಯುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಆ ದಿನಗಳಲ್ಲಿ ಇಬ್ಬರ ನಡುವೆ ಓಡಾಡಿದ ಪತ್ರಗಳು. ಫಿನ್ನಿ ಮುಂದೆ ನೆನಪಿಸಿಕೊಂಡ ಹಾಗೆ, ಅವುಗಳಲ್ಲಿ ಹೆಚ್ಚಿನವು ಅವರು ತೋರಿಸಿಕೊಟ್ಟ ದೋಷಗಳು, ಸತೋಶಿ ಅವನ್ನು ಸರಿಪಡಿಸಿದ ವರದಿಗಳು. ಪ್ರೋಗ್ರಾಂ ಎಲ್ಲಿ ನಿಂತುಹೋಯಿತು, ನಿಲ್ಲುವ ಮೊದಲು ಏನಾಯಿತು ಎಂದು ತಾಳ್ಮೆಯಿಂದ ಬರೆದು ಕಳಿಸುವ ಕೆಲಸ ಅದು. ಫಿನ್ನಿ ಮುಂದೆ ನರಗಳನ್ನು ಕ್ಷೀಣಿಸುವ ಎಎಲ್ಎಸ್ ಕಾಯಿಲೆಗೆ ತುತ್ತಾದರು. ಕೈಕಾಲು ಸ್ವಾಧೀನ ತಪ್ಪಿದ ಮೇಲೂ ಕಣ್ಣಿನ ಚಲನೆಯನ್ನು ಹಿಡಿಯುವ ಸಾಧನದ ನೆರವಿನಿಂದ ಕೋಡ್ ಬರೆಯುವುದನ್ನು ಬಿಡಲಿಲ್ಲ. 2014ರ ಆಗಸ್ಟ್ 28ರಂದು ತೀರಿಕೊಂಡರು. ಈ ಪರಂಪರೆಯ ಮೊದಲ ಪರೀಕ್ಷಕ ಅವರೇ.

ಮೊದಲ ದೊಡ್ಡ ಆಪತ್ತು ಬಂದದ್ದು 2010ರ ಆಗಸ್ಟ್ 15ರಂದು. ನಮ್ಮಲ್ಲಿ ಸ್ವಾತಂತ್ರ್ಯ ದಿನದ ರಾತ್ರಿ ಹತ್ತೂವರೆ ದಾಟಿ ಕೆಲವು ನಿಮಿಷ ಕಳೆದಿದ್ದಾಗ 74,638ನೇ ಬ್ಲಾಕ್ ಸಿದ್ಧವಾಯಿತು. ಆವರೆಗೆ ಹುಟ್ಟಿದ್ದ ಒಟ್ಟು ಬಿಟ್‌ಕಾಯಿನ್ ಸುಮಾರು 37 ಲಕ್ಷ. ಎಂದೆಂದಿಗೂ 2 ಕೋಟಿ 10 ಲಕ್ಷ ದಾಟಬಾರದು ಎಂಬುದು ಆ ನಾಣ್ಯದ ಮೂಲ ಕಟ್ಟಳೆ. ಈ ಒಂದು ಬ್ಲಾಕ್‌ನೊಳಗಿನ ಒಂದೇ ವ್ಯವಹಾರ ಮಾತ್ರ ಎರಡು ವಿಳಾಸಗಳಿಗೆ ತಲಾ 9,223 ಕೋಟಿಗೂ ಮೀರಿದ ಬಿಟ್‌ಕಾಯಿನ್ ಕೊಟ್ಟಿತ್ತು. ಎರಡೂ ಸೇರಿ 18,446 ಕೋಟಿ. ಆ ವ್ಯವಹಾರಕ್ಕೆ ಒಳಬಂದಿದ್ದ ಹಣ ಅರ್ಧ ಬಿಟ್‌ಕಾಯಿನ್ ಮಾತ್ರ.

ಇದು ಹೇಗಾಯಿತೆಂದು ಸ್ವಲ್ಪ ನಿಂತು ನೋಡಬೇಕು. ಬಿಟ್‌ಕಾಯಿನ್ ತಂತ್ರಾಂಶ ಹಣವನ್ನು ಎಣಿಸುವುದು ಸತೋಶಿ ಎಂಬ ಚಿಕ್ಕ ಘಟಕದಲ್ಲಿ. ಹತ್ತು ಕೋಟಿ ಸತೋಶಿ ಸೇರಿದರೆ ಒಂದು ಬಿಟ್‌ಕಾಯಿನ್. ಈ ಎಣಿಕೆಗೆ 64 ಬಿಟ್‌ನ ಒಂದು ಸಂಖ್ಯೆಯನ್ನು ಮೀಸಲಿಟ್ಟಿತ್ತು. ಅಂಥ ಸಂಖ್ಯೆಗೆ ಒಂದು ಮೇಲ್ಮಿತಿ ಇರುತ್ತದೆ. ಅದನ್ನು ದಾಟಿದ ಕೂಡಲೇ ಕಂಪ್ಯೂಟರ್ ಅದನ್ನು ಋಣ ಸಂಖ್ಯೆ ಎಂದು ಓದುತ್ತದೆ. ಆ ಎರಡು ವಿಳಾಸಗಳಿಗೆ ಕೊಟ್ಟ ಮೊತ್ತಗಳು ಬೇರೆಬೇರೆಯಾಗಿ ನೋಡಿದರೆ ಮಿತಿಗಿಂತ ಕೂದಲೆಳೆಯಷ್ಟು ಕೆಳಗಿದ್ದವು. ಕೂಡಿದಾಗ ಮಿತಿ ದಾಟಿ, ಮೊತ್ತ ಸೊನ್ನೆಗಿಂತ ಕೆಳಗೆ, ಸುಮಾರು ಮೈನಸ್ 0.01 ಬಿಟ್‌ಕಾಯಿನ್ ಎಂದು ಲೆಕ್ಕಕ್ಕೆ ಸಿಕ್ಕಿತು. ಹೊರಹೋಗುವ ಹಣ ಒಳಬಂದ ಹಣಕ್ಕಿಂತ ಹೆಚ್ಚಿರಬಾರದು ಎಂಬ ತಪಾಸಣೆಯೊಂದು ಕೋಡ್‌ನಲ್ಲಿ ಇದ್ದೇ ಇತ್ತು. ಮೈನಸ್ 0.01 ಅರ್ಧಕ್ಕಿಂತ ಕಡಿಮೆ ತಾನೇ, ತಪಾಸಣೆ ಒಪ್ಪಿಕೊಂಡಿತು. ಇನ್ನೂ ವಿಚಿತ್ರವೆಂದರೆ ಆ ಬ್ಲಾಕ್ ಕಟ್ಟಿದವನಿಗೆ ಸಲ್ಲುವ ಶುಲ್ಕವೂ ಅದೇ ತಪ್ಪು ಲೆಕ್ಕದಿಂದ 0.51 ಬಿಟ್‌ಕಾಯಿನ್ ಎಂದು ಬಂತು. ಅರ್ಧ ಒಳಬಂದ ಕಡೆ ಅರ್ಧಕ್ಕಿಂತ ಹೆಚ್ಚು ಶುಲ್ಕ.

ಹೆಚ್ಚುಕಡಿಮೆ ಒಂದು ತಾಸಿನೊಳಗೆ ಜೆಫ್ ಗಾರ್ಜಿಕ್ ಎಂಬ ಡೆವಲಪರ್ ಈ ವಿಚಿತ್ರ ಬ್ಲಾಕ್ ಕಡೆ ಎಲ್ಲರ ಗಮನ ಸೆಳೆದರು. ಗ್ಯಾವಿನ್ ಆಂಡ್ರೆಸೆನ್ ಮತ್ತು ಇತರರು ಕಾರಣ ಹುಡುಕಿದರು. ಕೆಲವೇ ತಾಸುಗಳಲ್ಲಿ ಸತೋಶಿ ಸರಿಪಡಿಸಿದ 0.3.10 ಆವೃತ್ತಿಯನ್ನು ಬಿಟ್ಟರು. ಅದಾದ ಮೇಲೂ ಸಂಕಟ ಮುಗಿದಿರಲಿಲ್ಲ. ಹಳೆಯ ತಂತ್ರಾಂಶ ಓಡಿಸುತ್ತಿದ್ದವರು ಕೆಟ್ಟ ಬ್ಲಾಕ್‌ನ ಮೇಲೆಯೇ ಮತ್ತೆ ಮತ್ತೆ ಹೊಸ ಬ್ಲಾಕ್ ಕಟ್ಟುತ್ತಿದ್ದರು. ಹೊಸ ತಂತ್ರಾಂಶದವರು ಆ ಬ್ಲಾಕ್‌ಗೆ ಮುಂಚಿನಿಂದ ಬೇರೆ ಸರಪಳಿ ಎಳೆಯಬೇಕಾಯಿತು. ಹೆಚ್ಚು ಕೆಲಸ ಕೂಡಿದ ಸರಪಳಿಯೇ ನಿಜವಾದದ್ದು ಎಂಬುದು ಬಿಟ್‌ಕಾಯಿನ್ ನಿಯಮ. ಆಜ್ಞೆ ಕೊಡಲು ಯಾವ ರಿಸರ್ವ್ ಬ್ಯಾಂಕೂ ಇರಲಿಲ್ಲ. ಜನ ಒಬ್ಬೊಬ್ಬರಾಗಿ ಹೊಸ ಆವೃತ್ತಿಗೆ ಬಂದು, 74,691ನೇ ಬ್ಲಾಕ್ ಹೊತ್ತಿಗೆ ಸರಿಯಾದ ಸರಪಳಿ ಕೆಟ್ಟದ್ದನ್ನು ಹಿಂದೆ ಹಾಕಿತು. ನಡುವಿನ ತಾಸುಗಳಲ್ಲಿ ಕೆಟ್ಟ ಸರಪಳಿಯಲ್ಲಿ ದುಡಿದವರ ಗಳಿಕೆ ನೀರಿನಲ್ಲಿ ಹೋಯಿತು. ಆಗ ಒಂದು ಬಿಟ್‌ಕಾಯಿನ್‌ನ ಬೆಲೆ ಹತ್ತು ಅಮೆರಿಕನ್ ಸೆಂಟ್‌ಗೂ ಕಡಿಮೆ ಇದ್ದದ್ದರಿಂದ ನಷ್ಟದ ಗದ್ದಲ ಆಗಲಿಲ್ಲ. ಆದರೆ ಅಷ್ಟು ಹೊತ್ತಿಗೆ ಒಂದೂವರೆ ವರ್ಷದಿಂದ ಎಲ್ಲರೂ ಓದಬಹುದಾಗಿದ್ದ ಕೋಡ್‌ನಲ್ಲೇ ಆ ತಪ್ಪು ಕೂತಿತ್ತು ಎಂಬುದನ್ನು ಆ ಕಾಲದ ಬರಹಗಳನ್ನು ಓದುವಾಗ ಮರೆಯಲು ನನಗೆ ಆಗಿಲ್ಲ.

ಆ ಮಳೆಗಾಲ ಕಳೆದು ಅಕ್ಟೋಬರ್‌ನಲ್ಲಿ ಆಂಡ್ರೆಸೆನ್ ಒಂದು ಪರೀಕ್ಷಾ ಜಾಲ ಶುರುಮಾಡಿದರು, ಹೆಸರು ಟೆಸ್ಟ್‌ನೆಟ್. ನಿಯಮಗಳು ಬಹುಪಾಲು ಬಿಟ್‌ಕಾಯಿನ್‌ನವೇ, ನಾಣ್ಯ ಮಾತ್ರ ಬೆಲೆಯಿಲ್ಲದ್ದು. ಹೊಸ ಕೋಡ್ ಬರೆದವರು ಮೊದಲು ಅಲ್ಲಿ ಓಡಿಸಬೇಕು, ಕೆಡಿಸಿ ನೋಡಬೇಕು, ಬೇಕೆಂದೇ ಅಸಂಬದ್ಧ ವ್ಯವಹಾರಗಳನ್ನು ತುರುಕಬೇಕು. ಏನೇ ಒಡೆದರೂ ಯಾರ ಮನೆಯ ಹಣವೂ ಹೋಗದು. ಎಷ್ಟು ಸರಳವಾದ, ಎಷ್ಟು ಉದಾರವಾದ ಏರ್ಪಾಡು! ಆದರೆ ಬೆಲೆಯಿಲ್ಲದ ನಾಣ್ಯ ಬಹಳ ದಿನ ಬೆಲೆಯಿಲ್ಲದೆ ಉಳಿಯಲಿಲ್ಲ. ಕೆಲವರು ಪರೀಕ್ಷಾ ನಾಣ್ಯಗಳನ್ನೇ ನಿಜವಾದ ದುಡ್ಡಿಗೆ ಮಾರತೊಡಗಿದರು. ಬೆಲೆ ಬಂದ ಮೇಲೆ ಜನ ಅವನ್ನು ಕೂಡಿಡುತ್ತಾರೆ, ಪರೀಕ್ಷೆ ಮಾಡುವವನಿಗೆ ಅವು ಸಿಗುವುದಿಲ್ಲ. ಹೀಗಾಗಿ 2011ರಲ್ಲಿ ಹಳೆಯ ಜಾಲವನ್ನು ಬಿಟ್ಟು ಎರಡನೆಯದನ್ನು ಶುರುಮಾಡಬೇಕಾಯಿತು. 2012ರಲ್ಲಿ ಮೂರನೆಯದು ಬಂತು.

ಸತೋಶಿ 2011ರ ವಸಂತದ ಹೊತ್ತಿಗೆ ಮಾತು ನಿಲ್ಲಿಸಿ ಮರೆಯಾದರು. ಅಂದಿನಿಂದ ಆ ಕೋಡ್ ಸ್ವಯಂಸೇವಕರ ಕೈಯಲ್ಲಿ ಉಳಿಯಿತು. ಅವರನ್ನು ನಿಜವಾಗಿ ಒರೆಗೆ ಹಚ್ಚಿದ ರಾತ್ರಿ 2013ರ ಮಾರ್ಚ್ 11ರದ್ದು. ನಮ್ಮಲ್ಲಿ ಆಗ 12ರ ಬೆಳಗಿನ ಜಾವ.

ಕೆಲವು ವಾರ ಮೊದಲು ಬಿಡುಗಡೆಯಾಗಿದ್ದ 0.8 ಆವೃತ್ತಿಯಲ್ಲಿ ಮಾಹಿತಿಯನ್ನು ಕೂಡಿಡುವ ಒಳವ್ಯವಸ್ಥೆ ಬದಲಾಗಿತ್ತು. ಬರ್ಕ್ಲಿಡಿಬಿ ಎಂಬ ಹಳೆಯ ಡೇಟಾಬೇಸ್ ಹೋಗಿ, ವೇಗವಾದ ಲೆವೆಲ್‌ಡಿಬಿ ಬಂದಿತ್ತು. ಹಣದ ನಿಯಮಗಳಲ್ಲಿ ಒಂದಕ್ಷರವನ್ನೂ ಬದಲಿಸಿಲ್ಲ ಎಂದು ಎಲ್ಲರೂ ನಂಬಿದ್ದರು. ಅಂದು 225,430ನೇ ಬ್ಲಾಕ್ ಮಾಮೂಲಿಗಿಂತ ದೊಡ್ಡದಾಗಿ ಬಂತು. ಹೊಸ ಆವೃತ್ತಿಯ ಕಂಪ್ಯೂಟರ್‌ಗಳು ಅದನ್ನು ಒಪ್ಪಿದವು, ಹಳೆಯ 0.7ರವು ತಿರಸ್ಕರಿಸಿದವು. ಒಂದು ಬ್ಲಾಕ್ ಜೋಡಿಸುವಾಗ ಹಳೆಯ ಡೇಟಾಬೇಸ್ ಏಕಕಾಲಕ್ಕೆ ಹಾಕಬಹುದಾದ ಬೀಗಗಳಿಗೆ ಒಂದು ಮಿತಿ ಇತ್ತು, ಆ ಮಿತಿಗಿಂತ ಹೆಚ್ಚು ಬೀಗ ಬೇಡುವ ಬ್ಲಾಕ್ ಅದು. ಅಂಥ ಮಿತಿಯೊಂದಿದೆ ಎಂದು ಬಿಟ್‌ಕಾಯಿನ್‌ನ ನಿಯಮಗಳಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆಯದೆ ಇದ್ದ ಆ ದೋಷವೇ ಅಷ್ಟೂ ವರ್ಷ ನಿಯಮವಾಗಿ ನಡೆದುಕೊಂಡು ಬಂದಿತ್ತು. ಹಣದ ಲೆಕ್ಕಪುಸ್ತಕ ಎರಡಾಗಿ ಒಡೆಯಿತು.

ಮೈನಿಂಗ್, ಅಂದರೆ ಹೊಸ ಬ್ಲಾಕ್ ಕಟ್ಟುವ ಕೆಲಸದ, ಶಕ್ತಿಯ ಹೆಚ್ಚಿನ ಪಾಲು ಹೊಸ ಆವೃತ್ತಿಯ ಕಡೆಗಿತ್ತು. ಅಂಗಡಿಗಳು, ವಿನಿಮಯ ಕೇಂದ್ರಗಳು, ಸಾಮಾನ್ಯ ಬಳಕೆದಾರರು ಬಹುಪಾಲು ಹಳೆಯದರ ಕಡೆ. ಪೀಟರ್ ವುಯಿಲೆ, ಆಂಡ್ರೆಸೆನ್ ಮೊದಲಾದವರು ಚಾಟ್ ಕೋಣೆಯಲ್ಲಿ ಸೇರಿ ತಾಸಿನೊಳಗೆ ಒಂದು ತೀರ್ಮಾನಕ್ಕೆ ಬಂದರು: ಎಲ್ಲರನ್ನೂ ರಾತ್ರೋರಾತ್ರಿ ಹೊಸದಕ್ಕೆ ತರಲಾಗದು, ಮೈನರ್‌ಗಳೇ ಹಿಂದೆ ಬರಲಿ. ಬಿಟಿಸಿ ಗಿಲ್ಡ್ ಎಂಬ ಆಗಿನ ದೊಡ್ಡ ಮೈನಿಂಗ್ ಪೂಲ್ ನಡೆಸುತ್ತಿದ್ದವರು ತಾವು ಗಳಿಸಿದ ಬ್ಲಾಕ್‌ಗಳು ಕೈಬಿಟ್ಟು ಹೋಗುತ್ತವೆಂದು ಗೊತ್ತಿದ್ದೂ 0.7ಕ್ಕೆ ಮರಳಿದರು. 24 ಬ್ಲಾಕ್‌ಗಳು ಅನಾಥವಾದವು. ಸರಪಳಿ ಒಂದಾದಾಗ ಭಾರತದಲ್ಲಿ ಮಧ್ಯಾಹ್ನದ ಊಟದ ಸಮಯ ಹತ್ತಿರವಾಗಿತ್ತು. ನಡುವೆ ಸುಮಾರು 10 ಸಾವಿರ ಡಾಲರ್‌ನ ಒಂದೇ ಹಣ ಎರಡು ಕಡೆ ಖರ್ಚಾದ ಪ್ರಸಂಗವೂ ನಡೆಯಿತು.

ಆಮೇಲೆ ಮಾಡಿದ ಕೆಲಸವೇ ನನ್ನ ಮೆಚ್ಚುಗೆಯದು. ತಪ್ಪನ್ನು ಯಾರೂ ಮುಚ್ಚಿಡಲಿಲ್ಲ. ಏನಾಯಿತು, ಯಾಕಾಯಿತು, ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ ಎಂದು ಎಳೆಎಳೆಯಾಗಿ ಬರೆದು ಬಿಪ್ 50 ಎಂಬ ದಾಖಲೆಯಾಗಿ ಪ್ರಕಟಿಸಿದರು. ಇವತ್ತಿಗೂ ಯಾರು ಬೇಕಾದರೂ ಓದಬಹುದು. ನಮ್ಮ ಸೇತುವೆ ಕುಸಿದಾಗ, ಸಹಕಾರಿ ಬ್ಯಾಂಕ್ ಮುಳುಗಿದಾಗ ಇಂಥದೊಂದು ವರದಿ ವಾರದೊಳಗೆ ಜನರ ಕೈಗೆ ಸಿಕ್ಕರೆ ಎಷ್ಟು ಚೆನ್ನ!

ಅದೇ ವರ್ಷ ಕರ್ನಾಟಕವೂ ಈ ಕತೆಯೊಳಗೆ ಬಂತು. ಬೆಂಗಳೂರಿನಲ್ಲಿ ಯುನೋಕಾಯಿನ್ ಎಂಬ ವಿನಿಮಯ ಕಂಪನಿ ಹುಟ್ಟಿತು, ಡಿಸೆಂಬರ್ ಮಧ್ಯದಲ್ಲಿ ಬಿಟ್‌ಕಾಯಿನ್ ಸಮ್ಮೇಳನವೊಂದು ನಡೆಯಿತು. ಹತ್ತು ದಿನದೊಳಗೆ, ಡಿಸೆಂಬರ್ 24ರಂದು, ರಿಸರ್ವ್ ಬ್ಯಾಂಕ್ ಎಚ್ಚರಿಕೆ ಕೊಟ್ಟಿತು. 2018ರ ಏಪ್ರಿಲ್ 6ರ ಸುತ್ತೋಲೆ ಇಂಥ ಕಂಪನಿಗಳಿಗೆ ಬ್ಯಾಂಕ್ ಸೇವೆಯನ್ನೇ ನಿಲ್ಲಿಸಿತು. ಆ ಅಕ್ಟೋಬರ್‌ನಲ್ಲಿ ಹಳೆ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಯುನೋಕಾಯಿನ್ ಎಟಿಎಂ ಮಾದರಿಯ ಒಂದು ಯಂತ್ರ ಇಟ್ಟಿತು, ಪೊಲೀಸರು ಅದನ್ನು ವಶಪಡಿಸಿಕೊಂಡು ಸಂಸ್ಥಾಪಕರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯನ್ನು ರದ್ದು ಮಾಡಿತು. 2022ರಲ್ಲಿ ಇಂಥ ನಾಣ್ಯಗಳ ಗಳಿಕೆಯ ಮೇಲೆ ಶೇ 30ರ ತೆರಿಗೆ ಬಂತು. ಕನ್ನಡದ ಓದುಗನಿಗೆ ತಲುಪಿದ್ದು ಇದಿಷ್ಟು. ಬೆಲೆ, ಪೊಲೀಸ್, ಕೋರ್ಟ್, ತೆರಿಗೆ. ಇವೂ ಮುಖ್ಯವೇ, ದುಡಿದ ದುಡ್ಡು ಕಳೆದುಕೊಂಡವರಿಗೆ ಇನ್ನೂ ಮುಖ್ಯ. ಆದರೆ ಇದೇ ಅವಧಿಯ ನಡುವೆ, 2018ರ ಸೆಪ್ಟೆಂಬರ್‌ನಲ್ಲಿ, ಇಡೀ ನಾಣ್ಯದ ಬುಡವೇ ಅಲುಗಬಹುದಾಗಿದ್ದ ಘಟನೆಯೊಂದು ನಡೆದು ಹೋಯಿತು. ನಮ್ಮ ಪತ್ರಿಕೆಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಒಂದೇ ಹಣವನ್ನು ಒಂದೇ ವ್ಯವಹಾರದಲ್ಲಿ ಎರಡು ಸಲ ಒಳಬಂದಂತೆ ತೋರಿಸಬಾರದು. ಇದನ್ನು ನೋಡಿಕೊಳ್ಳುವ ಒಂದು ತಪಾಸಣೆ ಬಿಟ್‌ಕಾಯಿನ್ ಕೋಡ್‌ನಲ್ಲಿತ್ತು. ಇದೇ ಕೆಲಸ ಬೇರೆಡೆಯೂ ಆಗುತ್ತಿದೆ, ಇಲ್ಲಿ ಅನಗತ್ಯ ಎಂದುಕೊಂಡು 2016ರ ಕೊನೆಯಲ್ಲಿ ಬ್ಲಾಕ್ ಪರಿಶೀಲಿಸುವ ಹಂತದಿಂದ ಅದನ್ನು ತೆಗೆದರು. ಉಳಿದ ಸಮಯ ಪ್ರತಿ ಬ್ಲಾಕ್‌ಗೆ ಒಂದು ಮಿಲಿಸೆಕೆಂಡಿಗೂ ಕಡಿಮೆ. ನುರಿತವರು ಬರೆದ ಬದಲಾವಣೆ, ನುರಿತವರೇ ನೋಡಿ ಒಪ್ಪಿದ್ದು. 2017ರ ಮಾರ್ಚ್‌ನ 0.14 ಆವೃತ್ತಿಯಲ್ಲಿ ಅದು ಹೊರಬಂತು. ದುರುದ್ದೇಶದ ಮೈನರ್ ಒಬ್ಬ ಕೈಯಿಟ್ಟಿದ್ದರೆ ಆ ಆವೃತ್ತಿಯ ಕಂಪ್ಯೂಟರ್‌ಗಳು ಒಟ್ಟಿಗೆ ಕುಸಿಯುತ್ತಿದ್ದವು, 0.15ರ ನಂತರದವುಗಳಲ್ಲಿ ಇಲ್ಲದ ನಾಣ್ಯವನ್ನೇ ಸೃಷ್ಟಿಸಬಹುದಿತ್ತು. ಒಂದೂವರೆ ವರ್ಷ ಹಾಗೇ ಇತ್ತು. ಸಾವಿರಾರು ಕೋಟಿ ಡಾಲರ್‌ನ ಸಂಪತ್ತು ಅದರ ಮೇಲೆ ಕೂತಿತ್ತು.

ಕಂಡುಹಿಡಿದದ್ದು ಅವೆಮನಿ ಎಂಬ ಅಡ್ಡಹೆಸರಿನ ಡೆವಲಪರ್. ಅವರು ದುಡಿಯುತ್ತಿದ್ದದ್ದು ಬಿಟ್‌ಕಾಯಿನ್‌ನಿಂದ ಜಗಳವಾಡಿ 2017ರಲ್ಲಿ ಬೇರೆಯಾದ ಬಿಟ್‌ಕಾಯಿನ್ ಕ್ಯಾಶ್‌ಗಾಗಿ. ಆ ಎರಡು ಬಣಗಳ ನಡುವೆ ಆಗ ಮಾತಿಗೆ ಮಾತು ಬೆಳೆಯುತ್ತಿದ್ದ ಕಾಲ. ಗುಟ್ಟನ್ನು ಇಟ್ಟುಕೊಂಡು ಎದುರಾಳಿಯ ನಾಣ್ಯವನ್ನು ಉರುಳಿಸಬಹುದಿತ್ತು, ಅದರಿಂದ ದುಡ್ಡೂ ಮಾಡಿಕೊಳ್ಳಬಹುದಿತ್ತು. ಸೆಪ್ಟೆಂಬರ್ 17ರಂದು ಅವರು ಎರಡೂ ಕಡೆಯ ಡೆವಲಪರ್‌ಗಳಿಗೆ ಗುಟ್ಟಾಗಿ ತಿಳಿಸಿದರು. ಮರುದಿನವೇ 0.16.3 ಬಿಡುಗಡೆಯಾಯಿತು, 20ರ ಹೊತ್ತಿಗೆ ಪೂರ್ಣ ವಿವರ ಬಯಲಾಯಿತು. ಶೃಂಗೇರಿ ಮಠದಲ್ಲಿ ಭಾದ್ರಪದದ ಗಣಪತಿ ವಾಕ್ಯಾರ್ಥ ಸಭೆ ಪರಂಪರೆಯಾಗಿ ನಡೆದುಕೊಂಡು ಬಂದಿದೆ. ಅಲ್ಲಿ ಪೂರ್ವಪಕ್ಷವನ್ನು ಪೂರ್ತಿ ಬಲದಿಂದ ಮಂಡಿಸದೆ ಸಿದ್ಧಾಂತಕ್ಕೆ ಹೋಗುವಂತಿಲ್ಲ. ಎದುರಾಳಿಯ ಆಕ್ಷೇಪಣೆಯೇ ವಾದದ ಆಧಾರ. ಬಿಟ್‌ಕಾಯಿನ್‌ನ ಪೂರ್ವಪಕ್ಷವನ್ನು ಅಂದು ಅದರ ಪ್ರತಿಸ್ಪರ್ಧಿಯೇ ಹಿಡಿದು ಮಂಡಿಸಿದ್ದ. ಆ ಪಾಳೆಯದ ಒಬ್ಬ ಓದುಗ ಆ ಕೋಡನ್ನು ಗಮನವಿಟ್ಟು ನೋಡದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಭಯವಾಗುತ್ತದೆ.

ಇಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ಜಗತ್ತಿನಲ್ಲಿ ಪರೀಕ್ಷಾ ಜಾಲಗಳಿಗೆ ರೈಲು ನಿಲ್ದಾಣಗಳ ಹೆಸರಿಡುವ ರೂಢಿ ಬೆಳೆಯಿತು. ಸ್ಟಾಕ್‌ಹೋಮಿನ ರೋಪ್‌ಸ್ಟೆನ್ ಮತ್ತು ರಿಂಕೆಬಿ, ಸಿಂಗಪುರದ ಕೋವನ್, ಬರ್ಲಿನ್ನಿನ ಗೋರ್ಲಿ, ಅಥೆನ್ಸ್‌ನ ಸೆಪೋಲಿಯಾ. ರೋಪ್‌ಸ್ಟೆನ್ ಜಾಲವನ್ನು 2017ರ ಫೆಬ್ರುವರಿಯಲ್ಲಿ ಯಾರೋ ಕಸದ ವ್ಯವಹಾರ ತುಂಬಿ ನಿಲ್ಲಿಸಿಬಿಟ್ಟರು. ಅದರಲ್ಲಿ ಕದಿಯಲು ಏನೂ ಇರಲಿಲ್ಲ. ಭಾರತೀಯರು ಕಟ್ಟಿದ ಪಾಲಿಗನ್‌ನ ಪರೀಕ್ಷಾ ಜಾಲದ ಹೆಸರು ಬಹುಕಾಲ ಮುಂಬೈ ಎಂದಿತ್ತು. 2018ರ ಆಗಸ್ಟ್‌ನಲ್ಲಿ, ಬ್ಯಾಂಕ್ ಬಾಗಿಲುಗಳು ಮುಚ್ಚಿದ್ದ ಆ ಹೊತ್ತಿನಲ್ಲೇ, ಬೆಂಗಳೂರಿನಲ್ಲಿ ಇಥ್‌ಇಂಡಿಯಾ ಹ್ಯಾಕಥಾನ್ ನಡೆಯಿತು. ಕಾಲೇಜು ಹುಡುಗ ಹುಡುಗಿಯರು ರಾತ್ರಿಯೆಲ್ಲ ಕೂತು ಬರೆದ ಕೋಡ್ ಇಂಥ ಪರೀಕ್ಷಾ ಜಾಲಗಳ ಮೇಲೆ ಓಡಿತು. ಸುತ್ತೋಲೆ ತಡೆದದ್ದು ರೂಪಾಯಿಯನ್ನು, ಬೆಲೆಯಿಲ್ಲದ ನಾಣ್ಯಕ್ಕೆ ಬ್ಯಾಂಕ್ ಖಾತೆ ಬೇಕಿರಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದ ಎಂಜಿನಿಯರುಗಳು ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದರು, ಮಕ್ಕಳು ಛತ್ರಿ ಹಿಡಿದು ರಸ್ತೆ ಬದಿಯಲ್ಲಿ ಪಾಠ ಕೇಳಿದರು. ಇಂಥ ಕಡೆ ಕೂತು ಈ ಕೆಲಸ ಸಾಧ್ಯವೇ ಎಂದು ಕೇಳುವವರಿಗೆ ನಾನು ರೆಗ್‌ಟೆಸ್ಟ್ ತೋರಿಸಲು ಬಯಸುತ್ತೇನೆ. ಬಿಟ್‌ಕಾಯಿನ್‌ನ ಪೂರ್ತಿ ಸರಪಳಿ ಈಗ 600 ಜಿಬಿ ದಾಟಿದೆ. ತೋಟದ ಮನೆಯ ನೆಟ್‌ನಲ್ಲಿ ಅದನ್ನು ಇಳಿಸುವ ಮಾತೇ ಬೇಡ. ಆದರೆ ಅದೇ ತಂತ್ರಾಂಶವನ್ನು ರೆಗ್‌ಟೆಸ್ಟ್ ಎಂಬ ಸ್ಥಿತಿಯಲ್ಲಿ ಓಡಿಸಿದರೆ ಲ್ಯಾಪ್‌ಟಾಪ್‌ನೊಳಗೆ ಒಂದು ಖಾಸಗಿ ಸರಪಳಿ ಸೊನ್ನೆಯಿಂದ ಶುರುವಾಗುತ್ತದೆ, ಇಂಟರ್‌ನೆಟ್ ಬೇಕಿಲ್ಲ. ಒಂದು ವ್ಯಾಲೆಟ್ ಮಾಡಿ, ಒಂದು ವಿಳಾಸ ಪಡೆದು, ಆ ವಿಳಾಸಕ್ಕೆ 101 ಬ್ಲಾಕ್ ಕಟ್ಟು ಎಂದು ಆಜ್ಞೆ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ 101 ಬ್ಲಾಕ್ ಸಿದ್ಧ. ನಿಜದ ಜಾಲದಲ್ಲಿ ಅಷ್ಟು ಬ್ಲಾಕ್‌ಗೆ ಹದಿನೇಳು ತಾಸು ಹಿಡಿಯುತ್ತದೆ. 101 ಯಾಕೆಂದರೆ, ಹೊಸದಾಗಿ ಹುಟ್ಟಿದ ನಾಣ್ಯವನ್ನು ಅದರ ಮೇಲೆ ನೂರು ಬ್ಲಾಕ್ ಕೂರುವ ತನಕ ಖರ್ಚು ಮಾಡುವಂತಿಲ್ಲ. ಮೊದಲ ಬ್ಲಾಕ್‌ನ 50 ನಾಣ್ಯ ಈಗ ಕೈಗೆ ಬಂತು. ಅದನ್ನು ಇನ್ನೊಂದು ವಿಳಾಸಕ್ಕೆ ಕಳಿಸಿ, ಆ ಪಾವತಿ ಸೇರಿದ ಬ್ಲಾಕ್ ಅಮಾನ್ಯ ಎಂದು ಇನ್ನೊಂದು ಆಜ್ಞೆಯಿಂದ ಸಾರಿ, ಬೇರೆ ಸರಪಳಿ ಎಳೆದು ನೋಡಬಹುದು. 2010ರ ಆಗಸ್ಟ್ ಮತ್ತು 2013ರ ಮಾರ್ಚ್‌ನಲ್ಲಿ ಜಗತ್ತು ಉಸಿರು ಬಿಗಿಹಿಡಿದು ನೋಡಿದ ಸರಪಳಿಗಳ ಆ ಸ್ಪರ್ಧೆಯನ್ನು ಕೊಪ್ಪದ ಜಡಿಮಳೆಯಲ್ಲಿ ಕರೆಂಟ್ ಹೋದಾಗಲೂ ಬ್ಯಾಟರಿ ಇರುವಷ್ಟು ಹೊತ್ತು ಮತ್ತೆ ಆಡಿಸಬಹುದು. ಹೊಸ ಬದಲಾವಣೆಗಳ ಜೊತೆ ಬರುವ ಪೈಥಾನ್ ಪರೀಕ್ಷೆಗಳು ನಡೆಯುವುದೂ ಹೆಚ್ಚಾಗಿ ಇದೇ ರೆಗ್‌ಟೆಸ್ಟ್‌ನಲ್ಲಿ.

2021ರಲ್ಲಿ ಸಮ್ಮರ್ ಆಫ್ ಬಿಟ್‌ಕಾಯಿನ್ ಎಂಬ ಇಂಟರ್ನ್‌ಶಿಪ್ ಶುರುವಾದ ಮೇಲೆ ಭಾರತದ ವಿದ್ಯಾರ್ಥಿಗಳು ಈ ಮುಕ್ತ ಯೋಜನೆಗಳಿಗೆ ಕೋಡ್ ಬರೆಯುವುದು, ಬೇರೆಯವರ ಕೋಡ್ ಪರಿಶೀಲಿಸುವುದು ಹೆಚ್ಚಿದೆ. ಪರಿಶೀಲಿಸುವ ಕೆಲಸಕ್ಕೆ ಹೆಸರು ಕಡಿಮೆ, ಬೇಡಿಕೆ ಹೆಚ್ಚು. ಇಂಗ್ಲಿಷ್ ಸರಾಗವಾಗಿ ಬಾರದ ಹುಡುಗನಿಗೆ ಒಳಗೆ ಕಾಲಿಡುವುದು ಇವತ್ತಿಗೂ ಕಷ್ಟವೇ. ಬೋರ್ಡೋ ಮಾಡುವ ಕ್ರಮ ಕನ್ನಡದಲ್ಲಿ ಊರೂರಿಗೆ ತಲುಪಿತು. ರೆಗ್‌ಟೆಸ್ಟ್ ಓಡಿಸುವ ಕ್ರಮವೂ ಕನ್ನಡದಲ್ಲಿ ಬರಬೇಕು, ನಮ್ಮ ಕಾಲೇಜುಗಳ ಲ್ಯಾಬ್‌ಗಳಲ್ಲಿ ಅಭ್ಯಾಸವಾಗಬೇಕು ಎಂಬುದು ನನ್ನ ಬಲವಾದ ಆಸೆ.

ಪರೀಕ್ಷಾ ಜಾಲಗಳ ಕತೆ ಮಾತ್ರ ಸುತ್ತಿ ಬಂದು ಅಲ್ಲೇ ನಿಂತಿದೆ. ಇಥೀರಿಯಂನ ಗೋರ್ಲಿ ನಾಣ್ಯಕ್ಕೆ 2023ರ ಆರಂಭದಲ್ಲಿ ಮಾರುಕಟ್ಟೆ ಬೆಲೆ ಬಂತು. ಬಿಟ್‌ಕಾಯಿನ್‌ನ ಮೂರನೇ ಟೆಸ್ಟ್‌ನೆಟ್ ಹನ್ನೆರಡು ವರ್ಷ ಬಾಳಿ, ಅದರ ನಾಣ್ಯಗಳೂ ಮಾರಾಟಕ್ಕಿಳಿದವು. ಇಪ್ಪತ್ತು ನಿಮಿಷ ಬ್ಲಾಕ್ ಬಾರದಿದ್ದರೆ ಮೈನಿಂಗ್ ಸುಲಭವಾಗಲಿ ಎಂದು ಪರೀಕ್ಷಕರ ಅನುಕೂಲಕ್ಕೆ ಇಟ್ಟಿದ್ದ ವಿನಾಯಿತಿಯ ಸಂದಿನಲ್ಲಿ ನುಗ್ಗಿ, 2024ರ ಏಪ್ರಿಲ್‌ನಲ್ಲಿ ಅನುಭವಿ ಡೆವಲಪರ್ ಒಬ್ಬರು ಒಂದೇ ವಾರದಲ್ಲಿ ಲಕ್ಷಕ್ಕೂ ಹೆಚ್ಚು ಬ್ಲಾಕ್ ಸುರಿಸಿದರು. ದೋಷ ಎಲ್ಲರ ಕಣ್ಣಿಗೆ ಬೀಳಲಿ ಎಂಬುದು ಅವರ ಉದ್ದೇಶ. ಬಿಪ್ 94ರ ಪ್ರಕಾರ ನಾಲ್ಕನೆಯ ಟೆಸ್ಟ್‌ನೆಟ್ ಹುಟ್ಟಿತು. 2024ರ ಅಕ್ಟೋಬರ್‌ನಲ್ಲಿ ಬಂದ ಬಿಟ್‌ಕಾಯಿನ್ ಕೋರ್ 28.0 ಅದನ್ನು ಸೇರಿಸಿಕೊಂಡಿತು. ಮೂರನೆಯದನ್ನು ಮುಂದೆ ಕೈಬಿಡುವ ಇರಾದೆಯಿದೆ, ಸದ್ಯಕ್ಕೆ ಎರಡೂ ನಡೆಯುತ್ತವೆ ಎಂದು ಅದರ ಬಿಡುಗಡೆ ಟಿಪ್ಪಣಿ ಹೇಳಿತು.